ಕನ್ಸೋಲ್‌ನಲ್ಲಿ ಹೊಸ ಸಾಲು ಇದೆ, ಪರದೆಯ ಮೇಲೆ ಇಲ್ಲ: ರಿಯಾಕ್ಟ್ ಆ್ಯಪ್‌ನ ದೋಷವನ್ನು ಎಲ್ಲಿಂದ ಹುಡುಕಬೇಕು?

ಇಳಕಲ್‌ನಲ್ಲಿರುವ ನಿಮ್ಮ ಸೋದರಮಾವನ ಸೀರೆ ಅಂಗಡಿಗೆ ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ದಾಸ್ತಾನಿನ ಪಟ್ಟಿ ಮಾಡುತ್ತಿದ್ದೀರಿ. ‘ಸೇರಿಸು’ ಬಟನ್ ಒತ್ತಿದರೆ ಹೊಸ ಸೀರೆಯ ಸಾಲು ಬ್ರೌಸರ್‌ನ ಕನ್ಸೋಲ್‌ನಲ್ಲಿ (ಕೋಡ್ ಬರೆಯುವವರು ಮೌಲ್ಯಗಳನ್ನು ನೋಡುವ ಕಿಟಕಿ) ಕಾಣುತ್ತದೆ, ಪರದೆಯ ಮೇಲೆ ಬರುವುದಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಬರೆದ ಕೂಡಲೇ ಬಂದುಬಿಡುತ್ತದೆ. ಜೊತೆಗೆ ಪುಟ ತೆರೆದಾಗ ಸರ್ವರ್‌ಗೆ ಒಂದೇ ಕೋರಿಕೆ ಎರಡು ಸಲ ಹೋಗುತ್ತಿದೆ. ಎರಡು ದಿನ ಕೋಡನ್ನು ಅಲ್ಲಿ ಇಲ್ಲಿ ಬದಲಿಸಿ ದಣಿದಿದ್ದೀರಿ. ಇಂಥ ದೋಷವನ್ನು ಎಲ್ಲಿಂದ ಹುಡುಕಬೇಕು ಎಂದು ಕೇಳಿದ್ದೀರಿ.

ಹುಡುಕುವ ಪೆಟ್ಟಿಗೆಯ ಸಂಗತಿಯನ್ನು ಬಿಡದೆ ಬರೆದದ್ದು ಒಳ್ಳೆಯದಾಯಿತು. ಉತ್ತರ ಅದರಲ್ಲೇ ಇದೆ. ನೀವು ಹಳೆಯ ಅರೇಗೇ, ಅಂದರೆ ಸಾಲುಗಳ ಪಟ್ಟಿಗೇ, ಹೊಸ ಸಾಲನ್ನು ಪುಶ್ ಮಾಡಿ (ಸೇರಿಸಿ), ಅದೇ ಅರೇಯನ್ನು ಮತ್ತೆ ಸ್ಟೇಟ್‌ಗೆ (ರಿಯಾಕ್ಟ್ ನೆನಪಿಟ್ಟುಕೊಳ್ಳುವ ಮೌಲ್ಯಕ್ಕೆ) ಕೊಡುತ್ತಿರಬೇಕು. ರಿಯಾಕ್ಟ್ ಅರೇಯ ಒಳಗೆ ಇಣುಕಿ ಸಾಲುಗಳನ್ನು ಎಣಿಸುವುದಿಲ್ಲ. ಹಿಂದೆ ಕೊಟ್ಟದ್ದೂ ಈಗ ಕೊಟ್ಟದ್ದೂ ಒಂದೇ ವಸ್ತುವೇ ಎಂದಷ್ಟೇ ನೋಡುತ್ತದೆ. ಒಂದೇ ಆಗಿದ್ದರೆ ಏನೂ ಬದಲಾಗಿಲ್ಲವೆಂದು ಸುಮ್ಮನಿರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಬರೆದಾಗ ಬೇರೊಂದು ಸ್ಟೇಟ್ ಬದಲಾಗಿ ಕಾಂಪೊನೆಂಟ್ (ಪುಟದ ಆ ಭಾಗ) ಮತ್ತೆ ರೆಂಡರ್ ಆಗುತ್ತದೆ, ಅಂದರೆ ಪರದೆಗಾಗಿ ಹೊಸದಾಗಿ ಸಿದ್ಧವಾಗುತ್ತದೆ. ಆಗ ನಿಮ್ಮ ಸೀರೆಯೂ ಜೊತೆಗೆ ಬರುತ್ತದೆ. ಮೂರು ಚುಕ್ಕಿಯ ಸ್ಪ್ರೆಡ್ (...) ಬಳಸಿ ಹಳೆಯ ಸಾಲುಗಳನ್ನು ಹೊಸ ಅರೇಗೆ ತುಂಬಿ, ಕೊನೆಗೆ ಹೊಸ ಸಾಲು ಸೇರಿಸಿ ಕೊಡಿ. ಸರಿಹೋಗುತ್ತದೆ.

ಆದರೆ ನೀವು ಕೇಳಿರುವುದು ಈ ಒಂದು ದೋಷದ ಬಗ್ಗೆ ಮಾತ್ರವಲ್ಲ, ಹುಡುಕುವ ಬಗೆಯನ್ನು. ನಾನು ಕಲಿತದ್ದು ಇಷ್ಟು: ತಪ್ಪು ಕಣ್ಣಿಗೆ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಮೌಲ್ಯವೊಂದು ಮೊದಲ ಬಾರಿಗೆ ಎಲ್ಲಿ ಕೆಟ್ಟಿತು ಎಂದು ಗೊತ್ತಾಗುವವರೆಗೆ ಕೋಡ್‌ನ ಒಂದು ಅಕ್ಷರವನ್ನೂ ಮುಟ್ಟಬಾರದು. ಊಹಿಸಿ ತಿದ್ದಿದರೆ ಹಳೆಯ ದೋಷದ ಜೊತೆ ಹೊಸದೊಂದು ಬೆರೆತು, ಎರಡನ್ನೂ ಬಿಡಿಸಲಾಗದೆ ಕೂರಬೇಕಾಗುತ್ತದೆ.

ವಿಜಯಪುರದಲ್ಲಿ ಒಣದ್ರಾಕ್ಷಿಯ ಅಡತಿ ಅಂಗಡಿಯೊಂದಕ್ಕೆ ನಾನು ಇಂಥದ್ದೇ ಆ್ಯಪ್ ಮಾಡಿಕೊಟ್ಟಿದ್ದೆ. ಒಂದೊಂದು ಸಾಲಿನಲ್ಲಿ ರೈತರ ಹೆಸರು, ಲಾಟ್ ಸಂಖ್ಯೆ, ಬಾಕ್ಸ್‌ಗಳ ಎಣಿಕೆ. ಪಕ್ಕದಲ್ಲಿ ಸವಾಲಿನಲ್ಲಿ (ಹರಾಜಿನಲ್ಲಿ) ಕೂಗಿದ ದರ ಬರೆಯುವ ಪೆಟ್ಟಿಗೆ. ಒಂದು ದಿನ ಅಲ್ಲಿನ ಗುಮಾಸ್ತರು ಫೋನ್ ಮಾಡಿದರು: ತಿಕೋಟಾದ ರೈತರೊಬ್ಬರ ಲಾಟ್‌ಗೆ ಬೇರೆಯವರ ದರ ಕಾಣಿಸುತ್ತಿದೆ. ಅವರು ಕಾಗದದ ಮೇಲೂ ದರ ಬರೆದಿಟ್ಟುಕೊಳ್ಳುತ್ತಿದ್ದರಿಂದ ರೈತರಿಗೆ ಲೆಕ್ಕದ ಪಟ್ಟಿ ಕೊಡುವ ಮೊದಲೇ ತಪ್ಪು ಸಿಕ್ಕಿತು. ವರ್ಷವಿಡೀ ತೋಟಕ್ಕೆ ನೀರು, ಔಷಧ ಎಂದು ದುಡಿದವರ ಹಣ ಅದು. ಆ ಫೋನ್ ಬಂದಾಗ ಕೈ ತಣ್ಣಗಾಗಿತ್ತು.

ಸರ್ವರ್ ಕಳಿಸುವುದರಲ್ಲೇ ತಪ್ಪಿರಬೇಕು ಎಂದು ಮೊದಲು, ಸರ್ವರ್‌ನಿಂದ ಬಂದದ್ದನ್ನು ತೋರಿಸುವ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದೆ. ಬಂದ ದತ್ತಾಂಶ ಚೊಕ್ಕವಾಗಿತ್ತು. ಅಂದರೆ ತಪ್ಪು ಬ್ರೌಸರ್‌ನ ಒಳಗೇ ಹುಟ್ಟುತ್ತಿದೆ; ಒಂದೇ ನೋಟದಲ್ಲಿ ಅರ್ಧ ದಾರಿ ಕಳೆಯಿತು. ಆಮೇಲೆ ಎಂಬತ್ತು ಲಾಟ್‌ಗಳನ್ನು ತೆಗೆದು ಎರಡನ್ನೇ ಉಳಿಸಿದೆ. ನೋಡಿದ ಕೂಡಲೇ ಗುರುತು ಸಿಗಲಿ ಎಂದು ದರದ ಜಾಗದಲ್ಲಿ 111 ಮತ್ತು 222 ಎಂದು ಬರೆದೆ. ಮೊದಲ ಲಾಟ್ ಮಾರಾಟವಾಯಿತೆಂದು ತೆಗೆದುಹಾಕಿದೆ. ಉಳಿದ ಸಾಲಿನಲ್ಲಿ ಹೆಸರು ಎರಡನೆಯವರದು, ದರ 111! ಪ್ರತಿ ಸಲವೂ ಹಾಗೆಯೇ ಆಗುತ್ತಿತ್ತು. ಬೇಕೆಂದಾಗ ಬರಿಸಬಲ್ಲ ದೋಷ ಅರ್ಧ ಗೆದ್ದ ಹಾಗೆ.

ರಿಯಾಕ್ಟ್ ಡೆವಲಪರ್ ಟೂಲ್ಸ್‌ನಲ್ಲಿ ಸಾಲುಗಳನ್ನು ತೆರೆದು ನೋಡಿದಾಗ ಅವುಗಳ ಕೀ (ಒಂದೊಂದು ಸಾಲನ್ನು ರಿಯಾಕ್ಟ್ ಗುರುತಿಸಲು ಕೊಡುವ ಹೆಸರು) 0, 1 ಎಂದಿತ್ತು. ಪಟ್ಟಿಗೆ ಕೀ ಕೊಡದಿದ್ದರೆ ರಿಯಾಕ್ಟ್ ಎಚ್ಚರಿಸುತ್ತದೆ. ಆ ಎಚ್ಚರಿಕೆ ಹೋಗಲೆಂದು ನಾನು ಸಾಲಿನ ಕ್ರಮಸಂಖ್ಯೆಯನ್ನೇ ಕೀಯಾಗಿ ಕೊಟ್ಟಿದ್ದೆ. ಎಚ್ಚರಿಕೆ ನಿಂತಿತ್ತು, ದೋಷ ಅಲ್ಲಿ ಹುಟ್ಟಿತ್ತು. ಮೊದಲ ಸಾಲನ್ನು ತೆಗೆದರೆ ಎರಡನೆಯ ಲಾಟ್ ಮೇಲೆ ಬಂದು 0 ಆಗುತ್ತದೆ. ರಿಯಾಕ್ಟ್‌ನ ಕಣ್ಣಿಗೆ 0 ಎಂಬ ಸಾಲು ಇನ್ನೂ ಇದೆ, 1 ಹೋಗಿದೆ. ಹೀಗಾಗಿ 0 ಸಾಲು ತನ್ನ ಒಳಗೆ ಇಟ್ಟುಕೊಂಡಿದ್ದ ದರವನ್ನು ಹಾಗೆಯೇ ಉಳಿಸಿಕೊಂಡು ಹೆಸರನ್ನಷ್ಟೇ ಬದಲಿಸಿಕೊಳ್ಳುತ್ತದೆ. ಕೀ ಜಾಗದಲ್ಲಿ ಲಾಟ್ ಸಂಖ್ಯೆ ಬರೆದೆ, ಒಂದೇ ಪದದ ತಿದ್ದುಪಡಿ. ನಿಮ್ಮ ಸೀರೆಗಳಿಗೂ ಈಗಲೇ ಒಂದೊಂದು ಸ್ಥಿರವಾದ ಸಂಖ್ಯೆ ಕೊಟ್ಟುಬಿಡಿ.

ಕನ್ಸೋಲ್ ಬಗ್ಗೆ ಒಂದು ಮಾತು, ಏಕೆಂದರೆ ನೀವು ಅದನ್ನೇ ನಂಬಿ ಕುಳಿತಿದ್ದೀರಿ. ಕ್ರೋಮ್‌ನಲ್ಲಿ ಕನ್ಸೋಲ್.ಲಾಗ್‌ಗೆ ಕೊಟ್ಟ ಆಬ್ಜೆಕ್ಟ್‌ನ ಬಾಣವನ್ನು ಒತ್ತಿ ಬಿಡಿಸಿದಾಗ ಕಾಣುವುದು ಲಾಗ್ ಆದ ಕ್ಷಣದ ಸ್ಥಿತಿಯಲ್ಲ, ನೀವು ಬಿಡಿಸಿದ ಕ್ಷಣದ ಸ್ಥಿತಿ. ಮಧ್ಯದಲ್ಲಿ ಯಾರಾದರೂ ಅದನ್ನು ಬದಲಿಸಿದ್ದರೆ ಬದಲಾದದ್ದೇ ಕಾಣುತ್ತದೆ. ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಸ್ಟೇಟ್ ಬದಲಿಸಿದ ಮರುಸಾಲಿನಲ್ಲೇ ಲಾಗ್ ಮಾಡಿದರೆ ಹಳೆಯ ಮೌಲ್ಯವೇ ಬರುತ್ತದೆ, ಹೊಸದು ಮುಂದಿನ ರೆಂಡರ್‌ನಲ್ಲಷ್ಟೇ ಸಿಗುತ್ತದೆ. ಆದ್ದರಿಂದ ನಾನು ಸೋರ್ಸಸ್ ಟ್ಯಾಬ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ, ಕೋಡನ್ನು ನಿಲ್ಲಿಸಿಯೇ ನೋಡುತ್ತೇನೆ. ಸಾಲಿನ ಸಂಖ್ಯೆಯ ಮೇಲೆ ಬಲ ಗುಂಡಿ ಒತ್ತಿದರೆ ಷರತ್ತನ್ನೂ ಹಾಕಬಹುದು: ಇಂಥ ಸೀರೆ ಬಂದಾಗ ಮಾತ್ರ ನಿಲ್ಲು ಎಂದು. ನೂರು ಲಾಗ್‌ಗಳಿಗಿಂತ ಇದು ಬೇಗ.

ಎರಡು ಸಲ ಹೋಗುವ ಕೋರಿಕೆಗೆ ಹೆದರಬೇಡಿ. ನಿಮ್ಮಲ್ಲಿ ಸ್ಟ್ರಿಕ್ಟ್ ಮೋಡ್ (ದೋಷಗಳು ಬೇಗ ಕಾಣಲೆಂದು ರಿಯಾಕ್ಟ್ ಮಾಡುವ ಕಟ್ಟುನಿಟ್ಟಿನ ತಪಾಸಣೆ) ಇರಬೇಕು. 2022ರಲ್ಲಿ ಬಂದ ರಿಯಾಕ್ಟ್ 18ರಿಂದ, ಅಭಿವೃದ್ಧಿಯ ಹಂತದಲ್ಲಿ ಅದು ಪ್ರತಿ ಕಾಂಪೊನೆಂಟ್‌ನ ಎಫೆಕ್ಟನ್ನು (ರೆಂಡರ್ ಆದ ಮೇಲೆ ನಡೆಯುವ, ಸರ್ವರ್‌ಗೆ ಕೋರಿಕೆ ಕಳಿಸುವಂಥ ಕೆಲಸ) ಒಮ್ಮೆ ನಡೆಸಿ, ಕಳಚಿ, ಮತ್ತೆ ನಡೆಸುತ್ತದೆ. ಬಿಲ್ಡ್ ಮಾಡಿ ಸರ್ವರ್‌ಗೆ ಏರಿಸಿದ ಮೇಲೆ ಹಾಗೆ ಮಾಡುವುದಿಲ್ಲ. ದಯವಿಟ್ಟು ಸ್ಟ್ರಿಕ್ಟ್ ಮೋಡನ್ನು ತೆಗೆಯಬೇಡಿ.

ಇಂಗ್ಲಿಷ್ ಪಾಠಗಳಲ್ಲಿ ನಿಮಗೆ ಸಿಗಲಾರದ ಎರಡು ದೋಷಗಳನ್ನು ಹೇಳಿಬಿಡುತ್ತೇನೆ, ನಮ್ಮ ಭಾಗದವರಿಗೆ ಆ್ಯಪ್ ಮಾಡುವಾಗ ಇವು ಬಂದೇ ಬರುತ್ತವೆ. ಒಂದು, ಕನ್ನಡ ಕೀಲಿಮಣೆಯಲ್ಲಿ ಯಾರಾದರೂ ಬೆಲೆಯನ್ನು ೨೫೦೦ ಎಂದು ಬರೆದರೆ ಜಾವಾಸ್ಕ್ರಿಪ್ಟ್‌ನ ನಂಬರ್ (Number) ಕಾರ್ಯ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಒಟ್ಟು ಮೊತ್ತವೇ ‘ನ್ಯಾನ್’ (NaN, ಅಂದರೆ ಸಂಖ್ಯೆಯಲ್ಲ) ಆಗಿಬಿಡುತ್ತದೆ. ಕನ್ನಡ ಅಂಕಿಗಳು ಯೂನಿಕೋಡ್‌ನಲ್ಲಿ ಸಾಲಾಗಿ ಇರುವುದರಿಂದ, ಪರಿವರ್ತಿಸುವ ನಾಲ್ಕು ಸಾಲಿನ ಕಾರ್ಯವನ್ನು ಬರೆದಿಟ್ಟುಕೊಳ್ಳಿ. ದಯವಿಟ್ಟು ಕನ್ನಡ ಅಂಕಿ ಬರೆದವರನ್ನು ತಪ್ಪೆನ್ನಬೇಡಿ. ಎರಡು, ಬೆಳಗಿನ ಐದೂವರೆಗೆ ಮೊದಲು ಮಾಡಿದ ನಮೂದಿಗೆ ಹಿಂದಿನ ದಿನದ ತಾರೀಖು ಬೀಳುವುದು. ಟು‌ಐಎಸ್‌ಒಸ್ಟ್ರಿಂಗ್ (toISOString, ತಾರೀಖನ್ನು ಅಕ್ಷರಗಳಾಗಿ ಬರೆಯುವ ಕಾರ್ಯ) ಯುಟಿಸಿ ಎಂಬ ವಿಶ್ವಮಾನ ಸಮಯ ಕೊಡುತ್ತದೆ, ನಾವು ಅದಕ್ಕಿಂತ ಐದೂವರೆ ತಾಸು ಮುಂದಿದ್ದೇವೆ. ಹಗಲಿನಲ್ಲಿ ಎಷ್ಟು ಪರೀಕ್ಷಿಸಿದರೂ ಇದು ಕಾಣುವುದಿಲ್ಲ. ಕಂಪ್ಯೂಟರ್‌ನ ಗಡಿಯಾರವನ್ನು ಬೆಳಗಿನ ನಾಲ್ಕಕ್ಕೆ ಇಟ್ಟು ನೋಡಿ.

ಈಗ ಎರಡೇ ಸೀರೆಗಳನ್ನು ಇಟ್ಟುಕೊಂಡು ‘ಸೇರಿಸು’ ಒತ್ತಿ. ಸ್ಪ್ರೆಡ್ ಬಳಸಿದ ಮೇಲೂ ಹೊಸ ಸಾಲು ಬರದಿದ್ದರೆ ಆ ಬಟನ್‌ನ ಕಾರ್ಯವನ್ನೂ ಪಟ್ಟಿಯನ್ನು ರೆಂಡರ್ ಮಾಡುವ ಭಾಗವನ್ನೂ ಮಾತ್ರ ಇಲ್ಲಿ ಹಾಕಿ. ಸಂಜೆ ಕೆಲಸ ಮುಗಿದ ಮೇಲೆ ನೋಡುತ್ತೇನೆ.