ಓದುಗರ ಪ್ರಶ್ನೆ: ಅವ್ವನ ಕಿವಿ ಒಪ್ಪಿದ ಪುಸ್ತಕಗಳು

ಪ್ರಶ್ನೆ: ಮೇಡಂ, 2025ರಲ್ಲಿ ನೀವು ಓದಿದ್ದರಲ್ಲಿ ತುಂಬ ಇಷ್ಟ ಆಗಿದ್ದು ಯಾವ್ಯಾವು? ಒಂದು ಲಿಸ್ಟ್ ಕೊಟ್ರೆ ನಾವೂ ತಗೋತೀವಿ.
– ಹರಿಹರದ ಓದುಗರೊಬ್ಬರು

ಹೊಸ ವರ್ಷ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತೆ. ಹೋದ ಸಲಾನೂ ಬಂದಿತ್ತು, ಆಗ ನಾನು ಜೋರಾಗಿ ಹನ್ನೆರಡು ಹೆಸರು ಬರೆದು ಕಳಿಸಿದ್ದೆ, ನಿಜ ಹೇಳ್ಬೇಕಂದ್ರೆ ಅದರಲ್ಲಿ ನಾಲ್ಕು ಪೂರ್ತಿ ಓದಿರ್ಲಿಲ್ಲ. ಈ ಸಲ ಹಂಗೆ ಮಾಡಂಗಿಲ್ಲ, ಓದಿದ್ದಕ್ಕೆಲ್ಲ ಮನೇಲೇ ಸಾಕ್ಷಿ ಕೂತೈತೆ.

ಆಗಿದ್ದಿಷ್ಟು. ಮಾರ್ಚಲ್ಲಿ ಅವ್ವನ ಬಲಗಣ್ಣಿಗೆ ಪೊರೆ ಆಪರೇಷನ್ ಆಯ್ತು, ದುರ್ಗದಿಂದ ಕರ್ಕೊಂಡ್ ಬಂದು ಇಲ್ಲಿ ದಾವಣಗೆರೆಯ ನಮ್ಮನೇಲೇ ಇಟ್ಕೊಂಡೆ. ಬಗ್ಗಂಗಿಲ್ಲ, ತಲೆಗೆ ನೀರು ಹಾಕಂಗಿಲ್ಲ, ಹೊತ್ತೊತ್ತಿಗೆ ಡ್ರಾಪ್ಸ್, ಮೇಲೊಂದು ಕರಿ ಕನ್ನಡಕ. ಎರಡೇ ದಿನಕ್ಕೆ ಬೇಜಾರು ಹತ್ತಿ "ಏನಾರ ಓದಿ ಹೇಳೇ" ಅಂದ್ಲು. ಶುರು ಮಾಡಿದ್ದು ಒಂದು ವಾರಕ್ಕೆ ಅಂತ, ಆಮೇಲೆ ಕಣ್ಣು ಸರಿಯಾದ್ರೂ ಅಭ್ಯಾಸ ಬಿಡ್ಲಿಲ್ಲ, ಸಂಜೆ ಕುಕ್ಕರ್ ಇಟ್ಟು ಮೂರು ವಿಷಲ್ ಬರೋವರೆಗೂ ಓದು, ಊಟ ಆದ್ಮೇಲೆ ಇನ್ನೊಂದು ಸುತ್ತು. ಒಂದು ವಿಷಯ ಗೊತ್ತಾಯ್ತು ನೋಡ್ರಿ, ಕಣ್ಣಲ್ಲಿ ಓದುವಾಗ ಬೋರಾದ ಪ್ಯಾರಾ ಹಾರಿಸ್ಕೊಂಡು ಹೋಗ್ತೀವಿ, ಬಾಯಲ್ಲಿ ಓದುವಾಗ ಅದಾಗಲ್ಲ, ಬರೆದೋರು ಎಲ್ಲಿ ಬುರುಡೆ ಬಿಟ್ಟಿದ್ದಾರೆ ಅನ್ನೋದು ನಾಲಿಗೆಗೇ ತಿಳಿದುಬಿಡುತ್ತೆ. ಹಾಗಾಗಿ ಈ ವರ್ಷ ನನ್ನ ಲಿಸ್ಟ್ ಅಂದ್ರೆ ಅವ್ವನ ಕಿವಿ ಪಾಸ್ ಮಾಡಿದ ಲಿಸ್ಟು. ಹೊಸ ಪುಸ್ತಕ ಕಮ್ಮಿ, ಬೈಬೇಡಿ.

ಮೊದಲು ಓದಿದ್ದು ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ'. ತೆಳ್ಳಗೈತೆ, ಬೇಗ ಮುಗಿಯುತ್ತೆ ಅನ್ನೋ ಸೋಂಬೇರಿತನಕ್ಕೇ ಆರಿಸಿದ್ದು. ಬೆಳಗೆರೆ ಅಂದ್ರೆ ಚಳ್ಳಕೆರೆ ತಾಲ್ಲೂಕು, ಅವ್ವನ ಅಜ್ಜಿಯ ಊರೂ ಆ ಕಡೇದೇ. ಮುಕುಂದೂರು ಸ್ವಾಮಿಗಳು ಅಂತ ಒಬ್ಬ ಹಳ್ಳಿ ಸಾಧು, ಅವರ ಜೊತೆ ಕಳೆದ ದಿನಗಳನ್ನ ಶಾಸ್ತ್ರಿಗಳು ಬರೆದಿದ್ದಾರೆ, ಸ್ವಾಮಿಗಳ ಮಾತನ್ನ ಸ್ವಲ್ಪಾನೂ ಪಾಲಿಶ್ ಮಾಡದೆ ಹಂಗೇ ಇಟ್ಟಿದ್ದಾರೆ. ನಾನು ಕಾಲೇಜಲ್ಲಿ ಓದ್ದೋಳು, ಒಳ್ಳೆ ಟೀಚರ್ ಥರ ಸ್ಪಷ್ಟವಾಗಿ ಓದ್ತಿದ್ದೆ, ಅವ್ವ ತಡೆದು "ಹಂಗಲ್ಲ ಕಣೆ ಅದು, ಎಳೀಬೇಕು" ಅಂತ ತಾನೇ ಹೇಳಿ ತೋರಿಸಿದ್ಲು. ಆ ಎಳೆತದಲ್ಲಿ ಕೇಳಿದ್ಮೇಲೆ ನಂಗೆ ಪುಸ್ತಕ ಬೇರೇನೇ ಆಗೋಯ್ತು. ಇಷ್ಟು ವರ್ಷ ನಾನು ಅದನ್ನ ವೇದಾಂತದ ಪುಸ್ತಕ ಅಂತ ಗೌರವಕ್ಕೆ ಶೆಲ್ಫಲ್ಲಿ ಇಟ್ಟಿದ್ದೆ, ಅವ್ವ ಹೊಟ್ಟೆ ಹಿಡ್ಕೊಂಡು ನಗ್ತಿದ್ಲು.

ವಿವೇಕ ಶಾನಭಾಗರ 'ಘಾಚರ್ ಘೋಚರ್' ನಾಲ್ಕು ಸಂಜೇಲಿ ಮುಗೀತು. ಮಸಾಲೆ ಬಿಸಿನೆಸ್‌ನಿಂದ ದುಡ್ಡು ಬಂದ ಒಂದು ಮನೆ, ದುಡ್ಡಿನ ಜೊತೆ ಆ ಮನೆಯೋರು ಹೆಂಗೆ ಬದಲಾಗ್ತಾರೆ ಅನ್ನೋದು ಕಥೆ. ಹಳೇ ಮನೇಲಿ ಇರುವೆ ಕಾಟ ಬರುತ್ತಲ್ಲ, ಅದನ್ನ ಓದ್ವಾಗ ಅವ್ವ ಎದ್ದು ಹೋಗಿ ನಮ್ಮ ಸಕ್ಕರೆ ಡಬ್ಬಿ ಮುಚ್ಚಳ ಸರಿ ಐತಾ ಅಂತ ನೋಡ್ಕೊಂಡು ಬಂದ್ಲು. ಆ ಹೆಸರಿಗೆ ಯಾವ ಭಾಷೇಲೂ ಅರ್ಥ ಇಲ್ಲ, ಬಿಡಿಸೋಕಾಗದ ಸಿಕ್ಕಿಗೆ ಕಥೇಲಿ ಒಂದು ಮನೆಯೋರು ತಾವೇ ಕಟ್ಕೊಂಡ ಮಾತು. ಈಗ ನಮ್ಮನೇಲಿ ಹೂವು ಕಟ್ಟೋ ದಾರ ಸಿಕ್ಕಾದ್ರೂ ಘಾಚರ್ ಘೋಚರ್, ಅಣ್ಣತಮ್ಮಂದಿರ ಸೈಟಿನ ಪಾಲಿನ ವಿಷಯ ಬಂದ್ರೂ ಘಾಚರ್ ಘೋಚರ್. ಎಷ್ಟು ಕಾದಂಬರಿ ಒಂದು ಮನೆ ಮಾತಿಗೆ ಹೊಸ ಪದ ಸೇರಿಸ್ತಾವೆ ಹೇಳಿ.

ಇನ್ನು 'ಗೃಹಭಂಗ'. ಸೆಪ್ಟೆಂಬರ್ 24ಕ್ಕೆ ಭೈರಪ್ಪನವರು ತೀರ್ಕೊಂಡ್ರಲ್ಲ, ಟಿವಿ ತುಂಬ ಅವರದೇ ಸುದ್ದಿ, ಪರ-ವಿರೋಧ ಎರಡೂ ಜೋರಾಗಿ ನಡೀತಿತ್ತು. ಅವ್ವ ರಿಮೋಟ್ ತಗೊಂಡು ಆಫ್ ಮಾಡಿ "ಅವ್ರದ್ದು ಒಂದು ಓದು, ಇವ್ರು ಕಿತ್ತಾಡ್ಕಳ್ಳಿ" ಅಂದ್ಲು. ಅವರ ವಾದದ ಕಾದಂಬರಿಗಳ ಜೊತೆ ನನಗೆ ಜಗಳ ಐತೆ, ಅದನ್ನ ಮುಚ್ಚಿಡಲ್ಲ, ಆದ್ರೆ ಗೃಹಭಂಗದ ಮುಂದೆ ಆ ಜಗಳ ನಡೆಯಲ್ಲ. ನಂಜಮ್ಮ ಗಂಡನ ಶಾನುಭೋಗಿಕೆ ಲೆಕ್ಕ ತಾನು ಬರೀತಾಳೆ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸ್ತಾಳೆ, ಆ ಚೆನ್ನಿಗರಾಯ ಮಾತ್ರ ಎಲ್ಲಿ ಊಟ ಸಿಗುತ್ತೋ ಅಲ್ಲಿ. ಎಲೆ ಹಚ್ಚೋ ಭಾಗ ಬಂದಾಗ ಅವ್ವ ಕೈ ಚಾಚಿದ್ಲು, ಕನ್ನಡಕ ಹಾಕ್ಕೊಂಡೇ, ಗಾಳೀಲೇ ಎಲೆ ಮೇಲೆ ಎಲೆ ಇಟ್ಟು ಕಡ್ಡಿ ಚುಚ್ಚಿ ಮುರಿದು ತೋರಿಸಿದ್ಲು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕಡ್ಡಿ ಟಕ್ ಅಂತ ಮುರಿಯೋದು ನಂಗೆ ಕಂಡಂಗೇ ಆಯ್ತು. ನನ್ನವ್ವ ಎಲೆ ಹಚ್ತಿದ್ಲು ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ! ಮದುವೆಗೆ ಮುಂಚೆ, ಮನೆ ಖರ್ಚಿಗೆ. ಪ್ಲೇಗಿನ ಅಧ್ಯಾಯ ನಾನು ಒಂದೇ ಸಲಕ್ಕೆ ಓದಕ್ಕಾಗ್ಲಿಲ್ಲ, ಗಂಟಲು ಕಟ್ಟಿ ನಿಲ್ಲಿಸ್ದೆ. ಮುಂದೆ ಎರಡು ದಿನ ಇಬ್ರೂ ಪುಸ್ತಕದ ಸುದ್ದಿ ಎತ್ತಲಿಲ್ಲ, ಮೂರನೇ ದಿನ ಅವಳೇ "ಮುಗ್ಸಿಬಿಡು, ಅರ್ಧಕ್ಕೆ ಬಿಡಬಾರ್ದು" ಅಂದ್ಲು.

ಫೇಲಾದದ್ದೂ ಹೇಳ್ತೀನಿ. ವಸುಧೇಂದ್ರರ 'ತೇಜೋ ತುಂಗಭದ್ರಾ' ನನಗೆ ಪ್ರಾಣ, ಎರಡನೇ ಸಲ ಓದಿದ್ದು. ಅವ್ವ ಲಿಸ್ಬನ್ ಭಾಗಕ್ಕೆಲ್ಲ ನಿದ್ದೆ ಮಾಡಿ ವಿಜಯನಗರ ಬಂದಾಗ ಎದ್ದು "ಆ ಗೇಬ್ರಿಯಲ್ ಅನ್ನೋನು ಇನ್ನೂ ಹಡಗಲ್ಲೇ ಅವ್ನಾ" ಅಂತ ಕೇಳಿದ್ಲು. ಅರ್ಧ ಮಾರ್ಕ್ಸ್.

ಪ್ರಶ್ನೆ: ಬೂಕರ್ ಬಂದ 'ಹಾರ್ಟ್ ಲ್ಯಾಂಪ್' ಕನ್ನಡದಲ್ಲಿ ಕೊಡಿ ಅಂತ ಅಂಗಡೀಲಿ ಕೇಳಿದ್ರೆ ಹಂಗೊಂದು ಪುಸ್ತಕ ಕನ್ನಡದಲ್ಲಿ ಇಲ್ಲ ಅಂದ್ರು. ಕನ್ನಡದ್ದೇ ಅಲ್ವಾ ಅದು?
– ಜಗಳೂರಿನ ಓದುಗರೊಬ್ಬರು

ಅಂಗಡಿಯೋರು ಹೇಳಿದ್ದು ಒಂಥರಾ ಸರೀನೇ. ಹಾಸನದ ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನ ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದು 'ಹಾರ್ಟ್ ಲ್ಯಾಂಪ್'. ಅಂದ್ರೆ ಕಥೆ ಕನ್ನಡದ್ದು, ಕಟ್ಟು ಇಂಗ್ಲಿಷಿಂದು. 2025ರ ಮೇನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು, 50 ಸಾವಿರ ಪೌಂಡು, ಬರೆದೋರಿಗೂ ಅನುವಾದ ಮಾಡಿದೋರಿಗೂ ಸಮಪಾಲು. ಕಥಾಸಂಕಲನಕ್ಕೆ ಆ ಪ್ರೈಜ್ ಬಂದದ್ದೂ ಅದೇ ಮೊದಲು. ಆ ಹೆಸರಿಡ್ಕೊಂಡು ಹುಡುಕ್ಬೇಡಿ, ಬಾನು ಮುಷ್ತಾಕ್ ಅವರ ಕಥಾಸಂಕಲನ ಯಾವ್ದಾದ್ರೂ ಕೊಡಿ ಅಂತ ಕೇಳಿ. 'ಎದೆಯ ಹಣತೆ', 'ಕರಿ ನಾಗರಗಳು' ಕಥೆಗಳನ್ನ ಮೊದಲು ಓದಿ. ಕರಿ ನಾಗರಗಳು ಕಥೇನೇ ಗಿರೀಶ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಆಗಿದ್ದು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತಲ್ಲ, ಅದು.

'ಎದೆಯ ಹಣತೆ'ಯಲ್ಲಿ ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬಂದ್ರೆ ಅಣ್ಣತಮ್ಮಂದಿರೇ ಅವಳನ್ನ ವಾಪಸ್ ಬಿಟ್ಟುಬರ್ತಾರೆ. ರಾತ್ರಿ ಅವಳು ಸೀಮೆಎಣ್ಣೆ ತಗೊಂಡಾಗ ದೊಡ್ಡ ಮಗಳು ಬಂದು ಹಿಡ್ಕೊಳ್ತಾಳೆ. ಇದನ್ನ ಓದಿ ಮುಗಿಸಿದಾಗ ನಮ್ಮನೇಲಿ ಫ್ಯಾನ್ ಸದ್ದು ಬಿಟ್ರೆ ಏನಿಲ್ಲ. ಸುಮಾರು ಹೊತ್ತಾದ್ಮೇಲೆ ಅವ್ವ "ನಮ್ಮ ಓಣೀಲೂ ಒಬ್ಬಳಿದ್ಲು, ಅವಳಿಗೆ ಹಿಡ್ಕಳಕ್ಕೆ ಯಾರೂ ಬರ್ಲಿಲ್ಲ" ಅಂದ್ಲು. ಯಾರು ಅಂತ ನಾನು ಕೇಳ್ಲಿಲ್ಲ.

ಪ್ರಶ್ನೆ: 'ದುರ್ಗಾಸ್ತಮಾನ' ಮೂರು ಸಲ ಶುರು ಮಾಡಿ ಮೂರು ಸಲಾನೂ ಬಿಟ್ಟೆ. ದುರ್ಗದ ಜಿಲ್ಲೆಯೋನಾಗಿ ನಾಚಿಕೆ ಆಗುತ್ತೆ. ಏನ್ ಮಾಡ್ಲಿ?
– ಹೊಸದುರ್ಗದ ಓದುಗರೊಬ್ಬರು

ನಾಚ್ಕೋಬೇಡಿ ಸಾರ್, ನಾನು ಕೋಟೆ ಕೆಳಗೇ ಹುಟ್ಟಿ ಬೆಳೆದೋಳು, ಪೂರ್ತಿ ಓದಿದ್ದು ಈ ವರ್ಷವೇ. ಹೈದರಾಲಿ ಮುತ್ತಿಗೆ, 1779ರಲ್ಲಿ ದುರ್ಗ ಬಿದ್ದದ್ದು, ಕೊನೇ ಮದಕರಿನಾಯಕ ಸೆರೆಯಾಗಿದ್ದು, ಕೊನೆ ಏನಾಗುತ್ತೆ ಅಂತ ಸ್ಕೂಲಿಂದ ಗೊತ್ತಿರೋ ಕಥೆ ಅಂತ್ಲೇ ನಾವು ಬಿಡೋದು. ತರಾಸು ಅವರು ಆ ಕೊನೇನ ಎಷ್ಟು ನಿಧಾನಕ್ಕೆ ತರ್ತಾರೆ ಅಂದ್ರೆ ಗೊತ್ತಿದ್ರೂ ಬೇಡ ಬೇಡ ಅನ್ಸುತ್ತೆ. ಅವರು ತೀರ್ಕೊಂಡ ಮೇಲೆ, 1985ರಲ್ಲಿ, ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು.

ಸಿಕ್ಕು ಇರೋದು ಹೆಸರುಗಳದ್ದು, ನಾಯಕರ ಹೆಸರೆಲ್ಲ ಒಂದೇ ಥರ ಕೇಳ್ತವೆ. ಹಿಂದಿನ ಖಾಲಿ ಹಾಳೇಲಿ ಪೆನ್ಸಿಲ್‌ನಲ್ಲಿ ಯಾರು ಯಾರಿಗೆ ಏನಾಗ್ಬೇಕು ಅಂತ ಬರ್ಕೊಂಡು ಹೋಗಿ. ಇಲ್ಲಾಂದ್ರೆ ನನ್ ಥರ ಪಕ್ಕದಲ್ಲಿ ದುರ್ಗದೋರೊಬ್ಬರನ್ನ ಕೂರಿಸ್ಕೊಳ್ಳಿ. ಅವ್ವ ಹೊಂಡದಿಂದ ಗುಡಿಗೆ, ಗುಡಿಯಿಂದ ಬತ್ತೇರಿಗೆ ದಾರಿ ಹೇಳ್ತಾ ಬಂದ್ಲು, ಎರಡು ಕಡೆ ತರಾಸು ಅವರದ್ದೇ ತಪ್ಪು ಅಂತ ವಾದ ಮಾಡಿದ್ಲು, ನಂಬಿ ಬಿಡಿ. ನಡುವೆ 'ನಾಗರಹಾವು' ಸಿನಿಮಾದ ಸುದ್ದಿ. 1972ರಲ್ಲಿ ಬಂತಲ್ಲ, ಅದೂ ತರಾಸು ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣನವರು ಮಾಡಿದ್ದು, ಕೋಟೇಲಿ ಶೂಟಿಂಗ್ ನೋಡೋಕೆ ಹೋಗಿ ಕತ್ತಲಾದ್ಮೇಲೆ ಮನೆಗೆ ಬಂದು ಒದೆ ತಿಂದಿದ್ದಂತೆ. ಕಾದಂಬರಿಗಿಂತ ಆ ಒದೆ ಕಥೆಯೇ ಉದ್ದ ಆಯ್ತು.

ಡಿಸೆಂಬರಲ್ಲಿ ಕೊನೇ ಅಧ್ಯಾಯ ಕೋಟೇಲೇ ಓದೋಣ ಅಂತ ಶೋಕಿ ಮಾಡಿ ಹೋದ್ವಿ. ಅವ್ವನಿಗೆ ಮೊಣಕಾಲು, ಕೆಳಗಿನ ಬಾಗಿಲ ಹತ್ರವೇ ಕಲ್ಲಿನ ಮೇಲೆ ಕೂತ್ಲು. ಗಾಳಿಗೆ ಹಾಳೆ ನಿಲ್ತಿಲ್ಲ, ಸ್ಕೂಲ್ ಟ್ರಿಪ್ ಮಕ್ಕಳು ಐದು ನಿಮಿಷಕ್ಕೊಂದ್ಸಲ ಬಂದು "ಆಂಟಿ, ಓಬವ್ವನ ಕಿಂಡಿ ಎಲ್ಲಿ" ಅಂತ. ಅರ್ಧ ಪುಟ ಓದಿ, ದಾವಣಗೆರೆಯಿಂದ ಕಟ್ಕೊಂಡು ಹೋಗಿದ್ದ ಒಗ್ಗರಣೆ ಮಂಡಕ್ಕಿ ತಿಂದು ವಾಪಸ್ ಬಂದ್ವಿ. ಮನೇಲಿ ಮುಗಿಸಿದ್ದು.

ಇನ್ನೊಂದು, ದಾವಣಗೆರೆಯೋರು ಬಿಟ್ಟುಕೊಡಬೇಡಿ. ತರಾಸು ಅವರ ಮನೆತನ ತಳುಕಿನದ್ದು, ಸರಿ, ಆದ್ರೆ 1920ರಲ್ಲಿ ಹುಟ್ಟಿದ್ದು ಮಲೇಬೆನ್ನೂರಲ್ಲಿ, 1997ರಲ್ಲಿ ಜಿಲ್ಲೆ ಒಡೆದ್ಮೇಲೆ ಆ ಊರು ನಮ್ ಪಾಲಿಗೆ ಬಂದೈತೆ. ಅವ್ವನ ಮುಂದೆ ಇದನ್ನ ಹೇಳಿ ಒಂದು ಹೊತ್ತು ಮಾತು ಬಿಡಿಸ್ಕೊಂಡಿದ್ದೀನಿ.

ಪ್ರಶ್ನೆ: ಮೊಬೈಲಲ್ಲಿ ಆಡಿಯೋ ಬುಕ್ ಹಾಕಿ ಕೊಟ್ರೆ ಆಗಲ್ವಾ?
– ಭದ್ರಾವತಿಯ ಓದುಗರೊಬ್ಬರು

ಹಾಕಿ ಕೊಟ್ಟೆ. "ಇದು ನಿಲ್ಲಿಸು ಅಂದ್ರೆ ನಿಲ್ಲಲ್ಲ, ನಾ ಕೇಳಿದ್ದಕ್ಕೆ ಉತ್ರಾನೂ ಹೇಳಲ್ಲ" ಅಂತ ವಾಪಸ್ ಕೊಟ್ಲು.

ಪ್ರಶ್ನೆ: ನಾನೂ ದಾವಣಗೆರೆನೇ. ಈ ಪುಸ್ತಕ ಓದೋಕೆ ಕೊಡ್ತೀರಾ?
– ಪಿಜೆ ಎಕ್ಸ್‌ಟೆನ್ಷನ್‌ನ ಓದುಗರೊಬ್ಬರು

ಕೊಡ್ತೀನಿ, ಆದ್ರೆ ಕ್ಯೂ ಐತೆ. ಗೃಹಭಂಗ ಪಕ್ಕದ ಮನೆಗೆ ಹೋಗಿ ಎರಡು ತಿಂಗಳಾಯ್ತು, ಮೊನ್ನೆ ಕೇಳಿದ್ರೆ ಅತ್ತೆಯೋರು ಓದ್ತಿದ್ದಾರೆ ಅಂದ್ರು, ಆ ಅತ್ತೆಗೆ ಓದೋಕೆ ಬರಲ್ಲ ಅಂತ ನಂಗೆ ಗೊತ್ತು, ಅಂದ್ರೆ ಅಲ್ಲೂ ಯಾರೋ ಓದಿ ಹೇಳ್ತಿದ್ದಾರೆ. ಘಾಚರ್ ಘೋಚರ್ ಈ ವಾರ ಫ್ರೀ. ದುರ್ಗಾಸ್ತಮಾನ ಮಾತ್ರ ಕೇಳ್ಬೇಡಿ, ನವೆಂಬರಲ್ಲಿ ಎಡಗಣ್ಣಿಂದೂ ಆಯ್ತು, ಈಗ ಅವ್ವ ತಾನೇ ಓದ್ತಿದ್ದಾಳೆ, ನಾನು ಎಲ್ಲೆಲ್ಲಿ ಹಾರಿಸಿದ್ದೆ ಅಂತ ಹುಡುಕ್ತಿದ್ದಾಳೆ, ಇಲ್ಲಿವರೆಗೆ ಮೂರು ಕಡೆ ಸಿಕ್ಕಿದೆಯಂತೆ.