ಆ 24 ವರ್ಷ ಎಲ್ಲಿ ಹೋಯಿತು?

ನಮಸ್ಕಾರ.

ಅಮೆರಿಕದ ಕಾದಂಬರಿಕಾರ್ತಿ ಮೆರಿಲಿನ್ ರಾಬಿನ್ಸನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ತಿದ್ದಿದರೆ ಖಂಡಿತ ಹಾಕಬಹುದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ಬಯೋಡೇಟಾ. 1943ರಲ್ಲಿ ಐಡಹೋದ ಸ್ಯಾಂಡ್‌ಪಾಯಿಂಟ್‌ನಲ್ಲಿ ಹುಟ್ಟಿದರು, ಡಾಕ್ಟರೇಟ್ ಪಡೆದರು, 2005ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಎಲ್ಲ ಸರಿಯೇ. ಆದರೆ ಇಷ್ಟು ಫೋನಿನಲ್ಲೇ ಸಿಗುತ್ತೆ ಅಲ್ವಾ? ಆ ಡಾಕ್ಟರೇಟಿನ ಕಥೆಯನ್ನೇ ನೋಡಿ. ಷೇಕ್ಸ್‌ಪಿಯರ್ ಮೇಲೆ ಪ್ರಬಂಧ ಬರೆಯುವಾಗ ಅವರು ಪಕ್ಕದಲ್ಲಿ ಸುಮ್ನೆ ರೂಪಕಗಳನ್ನು ಬರೆದು ಎತ್ತಿಡುತ್ತಿದ್ದರು. ಮೊದಲ ಕಾದಂಬರಿ ‘ಹೌಸ್‌ಕೀಪಿಂಗ್’ ಹುಟ್ಟಿದ್ದು ಆ ಹಾಳೆಗಳಿಂದ. ನೀವು ಡಿಗ್ರಿ ಹೇಳಿ ಇದನ್ನು ಬಿಟ್ಟಿದ್ದೀರಿ.

ಮೂರನೇ ಪುಟದಲ್ಲಿ ಒಂದು ಸಾಲಿದೆ: ‘ದೀರ್ಘ ವಿರಾಮದ ನಂತರ ಎರಡನೇ ಕಾದಂಬರಿ ಪ್ರಕಟಿಸಿದರು.’ ನನಗೆ ಅಲ್ಲಿಂದ ಮುಂದೆ ಹೋಗಲು ಆಗಲಿಲ್ಲ. ‘ಹೌಸ್‌ಕೀಪಿಂಗ್’ ಬಂದದ್ದು 1980ರಲ್ಲಿ, ‘ಗಿಲಿಯಡ್’ 2004ರಲ್ಲಿ. ನಡುವೆ 24 ವರ್ಷ! ಮೊದಲ ಪುಸ್ತಕಕ್ಕೇ ಹೆಸರು ಬಂದಿತ್ತು, 1987ರಲ್ಲಿ ಸಿನಿಮಾನೂ ಆಯಿತು. ಅಂಥವರು ಕಾದಂಬರಿ ಬರೆಯದೆ ಏನು ಮಾಡುತ್ತಿದ್ದರು? ಲೇಖನ ಇಲ್ಲಿಂದಲೇ ಶುರುವಾಗಲಿ.

ಅವರೇನೂ ಸುಮ್ಮನೆ ಕೂತಿರಲಿಲ್ಲ. ಇಂಗ್ಲೆಂಡಿನ ಸೆಲ್ಲಾಫೀಲ್ಡ್ ಅಣು ಘಟಕ ವಿಕಿರಣ ತ್ಯಾಜ್ಯವನ್ನು ಐರಿಶ್ ಸಮುದ್ರಕ್ಕೆ ಬಿಡುತ್ತಿದ್ದುದರ ಬಗ್ಗೆ 1989ರಲ್ಲಿ ‘ಮದರ್ ಕಂಟ್ರಿ’ ಬರೆದರು. ಸಿಟ್ಟಿನ ಪುಸ್ತಕ ಅದು. 1991ರಿಂದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕಥೆ-ಕವಿತೆ ಬರೆಯುವುದನ್ನು ಕಲಿಸುವ ಅಯೋವಾ ರೈಟರ್ಸ್ ವರ್ಕ್‌ಶಾಪ್‌ನಲ್ಲಿ ಪಾಠ ಮಾಡಿದರು. 1998ರಲ್ಲಿ ಪ್ರಬಂಧಗಳು ಬಂದವು. ಅವುಗಳಲ್ಲಿ ಕ್ಯಾಲ್ವಿನ್ ಎಂಬ 16ನೇ ಶತಮಾನದ ಧರ್ಮಚಿಂತಕನ ಪರ ವಾದ ಮಾಡುತ್ತಾರೆ; ಜನ ಅವನನ್ನು ಓದದೆಯೇ ಬೈಯುತ್ತಾರೆ ಎಂಬುದು ಅವರ ತಕರಾರು. ಇದೆಲ್ಲ ಆದ ಮೇಲೆ ‘ಗಿಲಿಯಡ್’. 1956ರ ಅಯೋವಾದ ಪುಟ್ಟ ಊರು. 76 ವರ್ಷದ ಪಾದ್ರಿ ಜಾನ್ ಏಮ್ಸ್‌ಗೆ ಹೃದಯದ ಕಾಯಿಲೆ. ಇನ್ನೂ ಏಳು ತುಂಬದ ಮಗ ದೊಡ್ಡವನಾದ ಮೇಲೆ ಓದಲಿ ಅಂತ ಕಾಗದ ಬರೆಯುತ್ತಿದ್ದಾನೆ. ನೀವು ಒಂದೇ ಸಾಲಿನಲ್ಲಿ ದಾಟಿದ ಆ ವರ್ಷಗಳ ಓದು ಇಲ್ಲದಿದ್ದರೆ ಈ ಪಾದ್ರಿ ಹುಟ್ಟುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ. ನೀವು ಒಪ್ಪದಿದ್ದರೆ ಜಗಳ ಆಡಿ, ಆದರೆ ಪುಸ್ತಕ ಮುಂದಿಟ್ಟುಕೊಂಡು ಆಡಿ.

ಇನ್ನೊಂದು. ‘ಗಿಲಿಯಡ್’ ನಂತರದ ಮೂರು ಕಾದಂಬರಿಗಳನ್ನು ‘ಮುಂದುವರಿದ ಭಾಗಗಳು’ ಎಂದಿದ್ದೀರಿ. ಅವುಗಳಲ್ಲಿ ಮೊದಲನೆಯದಾದ ‘ಹೋಮ್’ ಎಲ್ಲಿ ಮುಂದುವರಿಯುತ್ತದೆ? ಅದೇ ದಿನಗಳನ್ನು ಪಾದ್ರಿಯ ಗೆಳೆಯನ ಮನೆಯೊಳಗಿಂದ ನೋಡುತ್ತದೆ ಅಷ್ಟೆ. ಅದನ್ನು ಓದದೆ ಬರೆದಿರಾ ಎಂಬ ಅನುಮಾನ ಬಂತು, ಬೇಜಾರು ಮಾಡಿಕೊಳ್ಳಬೇಡಿ.

2015ರಲ್ಲಿ ಅಧ್ಯಕ್ಷ ಒಬಾಮಾ ಇವರನ್ನು ಸಂದರ್ಶನ ಮಾಡಿದ್ದು ಸ್ವಾರಸ್ಯವೇ. ಅದಕ್ಕೆ ಪೂರ್ತಿ ಪುಟ ಜಾಸ್ತಿಯಾಯಿತು, ಮೂರು ಸಾಲು ಸಾಕು. ‘ಮಾನವೀಯ ಮೌಲ್ಯಗಳ ಪ್ರತಿಪಾದಕಿ’ ಎಂಬುದನ್ನು ಬಂದ ಕಡೆಯೆಲ್ಲ ಹೊಡೆದುಹಾಕಿ.

1,200 ಪದ ಮೀರದಂತೆ ಮತ್ತೆ ಬರೆದು ಕಳಿಸಿ. ಪ್ರಶಸ್ತಿಗಳನ್ನು ನಾವೇ ಕೆಳಗೆ ಬಾಕ್ಸ್ ಮಾಡಿ ಹಾಕಿಕೊಳ್ಳುತ್ತೇವೆ.

— ಸಂಪಾದಕ