ತರಗತಿಗೆ ಪ್ರೊಜೆಕ್ಟರ್ ಬಂತು, ಮಕ್ಕಳು ಯೋಚಿಸುವಂತೆ ಮಾಡುವುದು ಹೇಗೆ?

ಹೈಸ್ಕೂಲಿಗೆ ಪ್ರೊಜೆಕ್ಟರ್ ಬಂದಿದೆ, ವಿಡಿಯೋ ಹಾಕಿದರೆ ಮಕ್ಕಳು ಸುಮ್ನೆ ನೋಡುತ್ತಾ ಕೂರುತ್ತಾರೆ, ತಲೆ ಓಡಿಸುವುದಿಲ್ಲ ಅಂತ ಕೇಳಿದ್ದೀರಿ. ನಾನು ಗಣಿತ ಕಲಿಸುವವನು, ಅದರಿಂದಲೇ ಹೇಳುತ್ತೇನೆ.

ವಿಡಿಯೋ ಸ್ವಲ್ಪ ಪಕ್ಕಕ್ಕಿಡಿ. ಜಿಯೋಜೀಬ್ರಾ ಅನ್ನುವ, ರೇಖಾಗಣಿತದ ಚಿತ್ರ ಎಳೆದು ಅಲುಗಾಡಿಸಿ ನೋಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪಾಠಕ್ಕೆ ಬಳಸಲು ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ.

ಒಂಬತ್ತನೇ ತರಗತಿಗೆ ನಾನು ಮಾಡುವುದು ಇಷ್ಟು. ಅಡ್ಡಾದಿಡ್ಡಿ ಚತುರ್ಭುಜವೊಂದನ್ನು ಎಳೆದು, ನಾಲ್ಕೂ ಬಾಹುಗಳ ಮಧ್ಯಬಿಂದು ಗುರುತಿಸುತ್ತೇನೆ. ಅವನ್ನು ಸೇರಿಸುವ ಮೊದಲು ನಿಲ್ಲಿಸಿ, "ಒಳಗೆ ಯಾವ ಆಕೃತಿ ಬರುತ್ತೆ? ನೋಟ್‌ಬುಕ್ಕಲ್ಲಿ ಬರೀರಿ" ಅನ್ನುತ್ತೇನೆ. ಈ ಬರೆಸುವುದನ್ನು ಮಾತ್ರ ಯಾವತ್ತೂ ಬಿಡಬೇಡಿ. ಬಾಯಲ್ಲಿ ಕೇಳಿದರೆ ಇಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಬರೆದರೆ ಪ್ರತಿ ಮಗುವಿಗೂ ಒಂದು ಊಹೆ ಇರುತ್ತದೆ, ಅದು ಸರಿಯೋ ತಪ್ಪೋ ನೋಡುವ ತವಕವೂ ಇರುತ್ತದೆ.

ಸೇರಿಸಿದಾಗ ಸಮಾಂತರ ಚತುರ್ಭುಜ ಬರುತ್ತದೆ. ಈಗ ಮೌಸ್ ಮಕ್ಕಳ ಕೈಗೆ ಕೊಡಿ. ಯಾವ ಮೂಲೆ ಹಿಡಿದು ಎಳೆದರೂ ಅದು ಸಮಾಂತರ ಚತುರ್ಭುಜವೇ. ಯಾರಾದರೂ ಒಬ್ಬರು ಮೂಲೆಯನ್ನು ಒಳಕ್ಕೆ ತಳ್ಳಿ ಆಕಾರವನ್ನೇ ಕೆಡಿಸಲು ನೋಡುತ್ತಾರೆ. ತಳ್ಳಲಿ ಬಿಡಿ, ಆಗಲೂ ಕೆಡುವುದಿಲ್ಲ. "ಯಾಕೆ ಸಾರ್?" ಅನ್ನುವ ಪ್ರಶ್ನೆ ಹುಟ್ಟುವುದು ಇಲ್ಲೇ. ಕಪ್ಪು ಹಲಗೆಯ ಮೇಲೆ ಇಷ್ಟೊಂದು ಚಿತ್ರ ಬರೆದು ತೋರಿಸಲು ಆಗುವುದಿಲ್ಲ ಅಲ್ವಾ?

ಉತ್ತರ ಹೇಳಬೇಡಿ. ಹೊರಗಿನ ಚತುರ್ಭುಜದ ಒಂದು ಕರ್ಣ ಎಳೆಯಿರಿ, ಸಾಕು. ಎರಡು ತ್ರಿಭುಜ ಕಾಣುತ್ತವೆ. ಮಧ್ಯಬಿಂದು ಪ್ರಮೇಯ ಓದಿದವರಿಗೆ, ಒಳಗಿನ ಆಕೃತಿಯ ಎದುರುಬದುರಿನ ಎರಡು ಬಾಹುಗಳು ಆ ಕರ್ಣಕ್ಕೆ ಸಮಾಂತರ, ಅದರ ಅರ್ಧದಷ್ಟೇ ಉದ್ದ ಅಂತ ಹೊಳೆಯುತ್ತದೆ. ಸಾಧನೆಯನ್ನು (ಪ್ರೂಫ್) ಪೆನ್ನಿನಲ್ಲೇ ಬರೆಸಿ. ಪರದೆ ಮೇಲೆ ನೂರು ಸಲ ಸರಿ ಕಂಡರೂ ಅದು ಸಾಧನೆಯಲ್ಲ ಅನ್ನುವುದು ಮಕ್ಕಳಿಗೆ ಗೊತ್ತಾಗಲೇಬೇಕು. ಆಮೇಲೆ, "ಒಳಗಿನದು ಆಯತ ಆಗಬೇಕಾದರೆ ಹೊರಗಿನದು ಹೇಗಿರಬೇಕು?" ಅಂತ ಕೇಳಿ. ಕರ್ಣಗಳು ಲಂಬವಾಗಿರಬೇಕು ಅಂತ ಅವರೇ ಎಳೆದು ಎಳೆದು ಹುಡುಕುತ್ತಾರೆ. ಪೀರಿಯಡ್ ಮುಗಿದರೂ ಪರವಾಗಿಲ್ಲ, ಹುಡುಕಲಿ.

ವಿಜ್ಞಾನಕ್ಕೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಇದೆ, ಪ್ರಯೋಗಗಳನ್ನು ಪರದೆ ಮೇಲೇ ಮಾಡಿ ನೋಡುವ ಸಾಧನ, ಅದೂ ಉಚಿತ. ಅದರಲ್ಲಿ ವಿದ್ಯುತ್ ಮಂಡಲ ಕಟ್ಟಬಹುದು. ಬ್ಯಾಟರಿಗೆ ಒಂದು ಬಲ್ಬ್ ಹಾಕಿ, ಸರಣಿಯಲ್ಲಿ ಇನ್ನೊಂದು ಸೇರಿಸಿದರೆ ಮೊದಲಿನದರ ಬೆಳಕು ಜಾಸ್ತಿಯಾಗುತ್ತಾ, ಕಡಿಮೆಯಾಗುತ್ತಾ ಅಂತ ಮೊದಲು ಬರೆಸಿ, ಆಮೇಲೆ ಸೇರಿಸಲು ಹೇಳಿ.